ಕಾಫಿ ತೋಟದ ಬೇಲಿ ಪಕ್ಕ ಜಿಯೋಕ್ಯಾಶ್: ಡಬ್ಬಿ ಮಾಡಿ, ಇಟ್ಟು, ಒಂದು ಮಳೆಗಾಲ ದಾಟಿಸಿದ ದಾಖಲೆ

ಆಲ್ದೂರಿನ ಹತ್ತಿರ ನಮ್ಮ ಸೋದರಮಾವನ ಕಾಫಿ ತೋಟದ ಅಂಚಿನಲ್ಲಿ ಇಟ್ಟ ಜಿಯೋಕ್ಯಾಶ್ ಡಬ್ಬಿ ಒಂದು ಪೂರ್ತಿ ಮಳೆಗಾಲ ದಾಟಿತು. ಒಳಗಿನ ಪುಸ್ತಕ ಒದ್ದೆಯಾಗಿಲ್ಲ. ಡಬ್ಬಿ ನೋಡಿ ಗಾಬರಿಯಾಗಿ ಯಾರೂ ಪೊಲೀಸರಿಗೆ ಫೋನ್ ಮಾಡಿಲ್ಲ. ಹುಡುಕಲು ಬಂದವರಿಗೂ ತೋಟದವರಿಗೂ ಜಗಳ ಆಗಿಲ್ಲ. ಇದರಲ್ಲಿ ಯಾವುದೂ ತಾನಾಗಿ ಆದದ್ದಲ್ಲ. ಚಿಕ್ಕಮಗಳೂರು, ಹಾಸನದ ಕಡೆ ಇನ್ಯಾರಾದರೂ ಡಬ್ಬಿ ಇಡಬೇಕೆಂದಿದ್ದರೆ ಅನುಕೂಲವಾಗಲಿ ಅಂತ, ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲೇ, ಅಳತೆ, ಖರ್ಚು, ಕೆಟ್ಟುಹೋದ ಪ್ರಯತ್ನ ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ: ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತಾರೆ. ಜನಸಾಮಾನ್ಯರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿದ್ದ ಅಮೆರಿಕ ಸರ್ಕಾರ 2000ದ ಮೇ 2ರಂದು ಅದನ್ನು ನಿಲ್ಲಿಸಿತು. ಮಾರನೇ ದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಅಂತರಜಾಲದಲ್ಲಿ ಹಾಕಿದ. ಅದರಲ್ಲಿ ಒಂದು ಬೀನ್ಸ್ ಡಬ್ಬಿಯೂ ಇತ್ತು. ಈಗಿನ ನಿಯಮದಲ್ಲಿ ಜಾಗದ ಯಜಮಾನರ ಸ್ಪಷ್ಟ ಅನುಮತಿ ಇಲ್ಲದೆ ನೆಲ ಅಗೆದು ಹೂಳುವ ಹಾಗಿಲ್ಲ, ತಿನ್ನುವ ಪದಾರ್ಥ ಇಡುವ ಹಾಗೂ ಇಲ್ಲ. ಎರಡೂ ನಿಯಮ ಎಷ್ಟು ಸರಿ ಅನ್ನುವುದು ನನಗೆ ಮಳೆಗಾಲದಲ್ಲಿ ಅರ್ಥವಾಯಿತು.

ಹಂತ 1: ಜಾಗ (ಫೆಬ್ರವರಿ)

ನಮ್ಮ ಕಡೆ ಮೊದಲು ನೆನಪಿಗೆ ಬರುವ ಜಾಗಗಳಲ್ಲಿ ಹೆಚ್ಚಿನವು ಡಬ್ಬಿ ಇಡಬಾರದ ಜಾಗಗಳೇ. ಬೇಲೂರು, ಹಳೇಬೀಡು ದೇವಸ್ಥಾನಗಳು ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅಲ್ಲಿನ ಕಲ್ಲಿನ ಸಂದಿಗಳಿಗೆ ಕೈ ಹಾಕಿ ತಡಕಾಡಿ ಅಂತ ನಾವು ಜನರನ್ನು ಕರೆಯಬಾರದು, ಅಷ್ಟೇ. ಶೆಟ್ಟಿಹಳ್ಳಿಯ ಹಳೇ ಚರ್ಚು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಗೋಡೆಗಳೂ ಸಡಿಲ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿ ಮೇಲೆ ನಡೆಯುವುದೇ ಅಪರಾಧ. ಭದ್ರಾ ಅಭಯಾರಣ್ಯದೊಳಗೆ ಇಡುವ ಪ್ರಶ್ನೆಯೇ ಇಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿ ಈಗಲೇ ಇರುವ ಕಾಲ್ತುಳಿತಕ್ಕೆ ಹುಲ್ಲುಗಾವಲು ಸವೆದಿದೆ, ದಾರಿ ಬಿಟ್ಟು ಓಡಾಡಲು ಇನ್ನೊಂದು ನೆಪ ಕೊಡುವುದು ಬೇಡ ಅನ್ನಿಸಿತು. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಓಡಾಟ. ಸಂಜೆ ಆರಕ್ಕೆ ಅಪರಿಚಿತರನ್ನು ಅಲ್ಲಿ ಪೊದೆ ಸರಿಸಲು ಬಿಡುವ ಧೈರ್ಯ ನನಗಿಲ್ಲ.

ಹಳೇಬೀಡಿನಂಥ ಜಾಗವನ್ನು ಆಟಕ್ಕೆ ತರಲೇಬೇಕೆಂದರೆ ಅರ್ಥ್‌ಕ್ಯಾಶ್ ಎಂಬ ಬಗೆ ಇದೆ. ಅದರಲ್ಲಿ ಡಬ್ಬಿಯೇ ಇಲ್ಲ, ನೆಲ, ಕಲ್ಲಿನ ಬಗ್ಗೆ ಪ್ರಶ್ನೆ ಮಾತ್ರ. ಹೊಯ್ಸಳರು ಕೆತ್ತಿದ ಬಳಪದ ಕಲ್ಲಿನ ಮೇಲೆ ಒಂದು ಒಳ್ಳೆಯ ಅರ್ಥ್‌ಕ್ಯಾಶ್ ಮಾಡಬಹುದು. ಅದಕ್ಕೂ ಅನುಮತಿ ಬೇಕು. ಆ ಕೆಲಸ ಇನ್ನೊಮ್ಮೆ.

ಕೊನೆಗೆ ಮಾವನ ತೋಟ. ಪಂಚಾಯಿತಿ ರಸ್ತೆ ತಿರುಗುವಲ್ಲಿ ಧರೆ ಕಡಿದು ಕಾಡುಗಲ್ಲಿನಿಂದ ಕಟ್ಟೆ ಕಟ್ಟಿದ್ದಾರೆ. ಕಟ್ಟೆ ಮೇಲೆ ಕೂತರೆ ಎದುರಿಗೆ ಇಡೀ ಕಣಿವೆ. ಕಾರು ನಿಲ್ಲಿಸಲು ನೂರು ಅಡಿ ಮುಂದೆ ಜಾಗ ಇದೆ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕೆಂಬ ನಿಯಮ ಇದೆಯಲ್ಲ, ನಕ್ಷೆಯಲ್ಲಿ ನೋಡಿದರೆ ಹತ್ತಿರದಲ್ಲಿ ಯಾವುದೂ ಇರಲಿಲ್ಲ. ಆದರೂ ಒಗಟು ಬಿಡಿಸಿ ಹೋಗುವ ಕ್ಯಾಶ್‌ಗಳ ನಿಜವಾದ ಜಾಗ ನಕ್ಷೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಡಬ್ಬಿಗೆ ದುಡ್ಡು ಹಾಕುವ ಮೊದಲು, ಜಾಲತಾಣದ ಪರವಾಗಿ ಹೊಸ ಡಬ್ಬಿಗಳನ್ನು ಪರಿಶೀಲಿಸುವ ರಿವ್ಯೂವರ್‌ಗೆ ಜಾಗದ ಅಕ್ಷಾಂಶ, ರೇಖಾಂಶ ಕಳಿಸಿ ಕೇಳಿಕೊಂಡೆ. ಇವರು ಸಂಬಳವಿಲ್ಲದೆ ಕೆಲಸ ಮಾಡುವ ಸ್ವಯಂಸೇವಕರು. ಒಂದೇ ಪತ್ರದಲ್ಲಿ ಎಲ್ಲ ವಿವರ ಬರೆದು ಕೇಳುವುದು ಮರ್ಯಾದೆ.

ಹಂತ 2: ಅನುಮತಿ

ಮಾವ ಕಣದಲ್ಲಿ ಕೂತು ರೋಬಸ್ಟಾ ಒಣಗಿಸುತ್ತಿದ್ದರು. ವಿಷಯ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಡಬ್ಬಿ ಇಡೋಕೆ ನಂದೇನು ಅಭ್ಯಂತರ ಇಲ್ಲ ಕಣೋ. ಆದ್ರೆ ಕೊಯ್ಲಿನ ಟೈಮಲ್ಲಿ ಯಾವನೋ ಬಂದು ಬೇಲಿ ಹತ್ರ ಬಗ್ಗಿ ಬಗ್ಗಿ ನೋಡ್ತಿದ್ರೆ ನಮ್ಮ ಹುಡುಗ್ರು ಸುಮ್ನೆ ಬಿಡಲ್ಲ. ಕಾಫಿ ಕಳ್ಳ ಅಂತ್ಲೇ ಹಿಡ್ಕೊಳ್ಳೋದು."

ಈ ಮಾತೇ ಮುಂದಿನ ಎಲ್ಲ ತೀರ್ಮಾನಕ್ಕೂ ದಾರಿ ತೋರಿಸಿತು. ಈ ಆಟದಲ್ಲಿ ಸಾಮಾನ್ಯವಾಗಿ ಹೇಳುವ ಮರ್ಯಾದೆ ಏನೆಂದರೆ, ಆಟ ಗೊತ್ತಿಲ್ಲದವರ ಕಣ್ಣಿಗೆ ಬೀಳದ ಹಾಗೆ, ಏನೂ ಮಾಡುತ್ತಿಲ್ಲ ಅನ್ನುವ ಹಾಗೆ ನಟಿಸುತ್ತ ಹುಡುಕಬೇಕು. ದೊಡ್ಡ ಊರಿನ ಪಾರ್ಕಿನಲ್ಲಿ ಅದು ನಡೆಯಬಹುದು. ಕಾಫಿ, ಮೆಣಸು ಕಳುವಾಗುವ ಊರಿನಲ್ಲಿ, ಪ್ರತಿ ಅಪರಿಚಿತ ಬೈಕಿನ ನಂಬರನ್ನೂ ಯಾರಾದರೂ ನೋಡಿಟ್ಟುಕೊಳ್ಳುವ ದಾರಿಯಲ್ಲಿ, ಕದ್ದು ನೋಡುವುದೇ ಅಪಾಯ. ಇಲ್ಲಿನ ಮರ್ಯಾದೆ ಅದಕ್ಕೆ ತಿರುಗುಮುರುಗು. ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳಿ, "ತೋಟದ ಕಟ್ಟೆ ಹತ್ರ ಇಟ್ಟಿರೋ ಆಟದ ಡಬ್ಬಿ ನೋಡೋಕೆ ಬಂದ್ವಿ" ಅನ್ನಬೇಕು. ಹಾಗೆ ಹೇಳಿದರೆ ಕೆಲಸ ಕೆಡದ ಹಾಗೆ ಡಬ್ಬಿಯನ್ನೂ ಇಡಬೇಕು.

ಆಮೇಲೆ ಗಡಿಯ ಪ್ರಶ್ನೆ. ಬೇಲಿಯಿಂದಾಚೆ ಇರುವುದೆಲ್ಲ ರಸ್ತೆಯ ಜಾಗ ಅಂದುಕೊಂಡಿದ್ದೆವು. ತೋಟದ ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವ ರೈಟರ್ರು ಬಾಂದುಕಲ್ಲು ತೋರಿಸಿ, ಬೇಲಿಯಿಂದ ಹೊರಗೂ ನಾಲ್ಕು ಅಡಿ ತೋಟದ್ದೇ, ಕಟ್ಟೆಯೂ ತೋಟದವರೇ ಕಟ್ಟಿಸಿದ್ದು ಅಂತ ಬಿಡಿಸಿ ಹೇಳಿದರು. ನಮಗೆ ಬೇಕಿದ್ದದ್ದೂ ಇದೇ: ಜಾಗ ಅನುಮತಿ ಕೊಟ್ಟವರದ್ದೇ ಆಗಿರಬೇಕು, ಹುಡುಕುವವರು ಬೇಲಿ ದಾಟಲೂ ಬಾರದು. ಒಂದು ಹಾಳೆಯಲ್ಲಿ ಜಾಗ, ಡಬ್ಬಿಯ ಅಳತೆ, ಒಳಗೆ ಏನಿದೆ, ಬೇಡವೆಂದ ದಿನ ತೆಗೆಯುತ್ತೇನೆ ಅಂತ ಬರೆದು ಮಾವನ ಸಹಿ ಹಾಕಿಸಿದೆ. ಮನೆಯವರ ಹತ್ತಿರ ಸಹಿ ಯಾಕೆ ಅನ್ನಬಹುದು. ರಿವ್ಯೂವರ್ ಕೇಳಿದಾಗ ಅದೇ ಹಾಳೆಯ ಫೋಟೋ ಕಳಿಸಿದ್ದು. ಪಂಚಾಯಿತಿ ಸದಸ್ಯರಿಗೂ, ಬೀಟ್ ಪೊಲೀಸರಿಗೂ ಡಬ್ಬಿಯ ಫೋಟೋ ಮತ್ತು ನನ್ನ ನಂಬರ್ ಕೊಟ್ಟೆ. ವಾರಸುದಾರರಿಲ್ಲದ ಡಬ್ಬಿ ಅಂದರೆ ನಮ್ಮ ದೇಶದಲ್ಲಿ ಜನ ಏನು ಯೋಚಿಸುತ್ತಾರೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 3: ಡಬ್ಬಿ (ಮಾರ್ಚ್)

ಪರೀಕ್ಷೆ ಸರಳ. ಡಬ್ಬಿಯೊಳಗೆ ಒಂದು ಟಿಶ್ಯೂ ಮಡಚಿಟ್ಟು, ಮುಚ್ಚಿ, ಮಧ್ಯಾಹ್ನದ ಬಿಸಿಲಲ್ಲಿ ಎರಡು ಗಂಟೆ ಇಡುವುದು. ಬಿಸಿಯಾಗಿರುವಾಗಲೇ ತಣ್ಣೀರಿನ ಬಕೆಟ್ಟಿಗೆ ಹಾಕಿ, ಮೇಲೆ ರುಬ್ಬುವ ಗುಂಡು ಹೇರಿ, ಬೆಳಗಿನ ತನಕ ಬಿಡುವುದು. ಬರೀ ನೀರಲ್ಲಿ ಮುಳುಗಿಸಿದರೆ ಸಾಲದು. ಬಿಸಿಲು ಬಿದ್ದು ಒಮ್ಮೆಲೇ ಮಳೆ ಹುಯ್ದಾಗ ಒಳಗಿನ ಗಾಳಿ ಕುಗ್ಗಿ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಡಬ್ಬಿಗಳು ಸೋಲುವುದು ಇಲ್ಲೇ.

ಸ್ಟೀಲ್ ಡಬ್ಬಿ, 140 ರೂ.: ಬೆಳಿಗ್ಗೆ ಅರ್ಧ ಲೋಟ ನೀರು ಒಳಗೆ. ಮುಚ್ಚಳದ ಸುತ್ತ ಎಪಾಕ್ಸಿ ಪುಟ್ಟಿಯ ಏಣು ಕಟ್ಟಿ ಇನ್ನೊಮ್ಮೆ ನೋಡಿದೆ. ಪುಟ್ಟಿ 45 ರೂ. ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ಒಳಗೇನಿದೆ ಅಂತ ಹೊರಗಿನಿಂದ ಕಾಣದ ಲೋಹದ ಡಬ್ಬಿ ರಸ್ತೆ ಬದಿಗೆ ಬೇಡವೇ ಬೇಡ ಅಂತ ಆಗಲೇ ತೀರ್ಮಾನವಾಯಿತು.

ಮನೆಯಲ್ಲಿದ್ದ ಉಪ್ಪಿನಕಾಯಿಯ ಪ್ಲಾಸ್ಟಿಕ್ ಭರಣಿ: ನೀರು ಒಳಗೆ ಹೋಗಲಿಲ್ಲ, ಆದರೆ ವಾಸನೆ ಹೋಗಲಿಲ್ಲ. ಅಡಿಗೆ ಸೋಡ ಹಾಕಿ ತೊಳೆದು ಬಿಸಿಲಿಗಿಟ್ಟರೂ ಮುಚ್ಚಳ ತೆಗೆದರೆ ಮಿಡಿ ಮಾವು. ಕಾಡುಹಂದಿ, ಮಂಗ ಎರಡೂ ಇರುವ ಜಾಗಕ್ಕೆ ಇದು ಆಗದು.

ಪಿವಿಸಿ ಪೈಪಿನ ತುಂಡಿಗೆ ಎರಡೂ ಕಡೆ ಮುಚ್ಚಳ ಹಾಕುವ ಉಪಾಯವನ್ನು ಹಾರ್ಡ್‌ವೇರ್ ಅಂಗಡಿಯವರೇ ಹೇಳಿದರು. ನೀರು ಖಂಡಿತ ಹೋಗುವುದಿಲ್ಲ. ಆದರೆ ನೋಡಲು ಅದು ಪೈಪ್ ಬಾಂಬಿನ ಹಾಗೇ ಇರುತ್ತದೆ. ಯಾರೂ ಮಾಡಬೇಡಿ.

ನಾಲ್ಕೂ ಕಡೆ ಕ್ಲಿಪ್ ಇರುವ, ಮುಚ್ಚಳದಲ್ಲಿ ಸಿಲಿಕೋನ್ ಉಂಗುರ ಇರುವ ಪಾರದರ್ಶಕ ಡಬ್ಬಿ, 600 ಮಿ.ಲೀ., 190 ರೂ.: ಮೊದಲ ಸಲ ಒಂದು ಮೂಲೆಯಲ್ಲಿ ಟಿಶ್ಯೂ ತೇವವಾಗಿತ್ತು. ಉಂಗುರವನ್ನು ಊದುಬತ್ತಿ ಕಡ್ಡಿಯಿಂದ ಎಬ್ಬಿಸಿ ನೋಡಿದರೆ ಅದರಡಿ ಒಂದೇ ಒಂದು ಮರಳಿನ ಕಾಳು. ತೊಳೆದು, ಒರೆಸಿ, ಉಂಗುರದ ಕೂಡು ಗೆರೆ ಮೂಲೆಗೆ ಬರದ ಹಾಗೆ ತಿರುಗಿಸಿ ಕೂರಿಸಿದ ಮೇಲೆ ಟಿಶ್ಯೂ ಗರಿಗರಿ. 100 ಮಿ.ಲೀ.ನಿಂದ 1 ಲೀಟರ್ ತನಕದ ಡಬ್ಬಿ ಆಟದ ಲೆಕ್ಕದಲ್ಲಿ 'ಸ್ಮಾಲ್'.

ಅದರೊಳಗೆ ಇನ್ನೊಂದು ಕವಚ: ಪೆಟ್ ಬಾಟಲಿಯನ್ನು ಊದುವ ಮುಂಚಿನ ದಪ್ಪ ಕೊಳವೆ. ನೀರಿನ ಬಾಟಲಿ ತುಂಬುವ ಘಟಕದವರು ಪ್ರಿಫಾರ್ಮ್ ಅನ್ನುತ್ತಾರೆ. ಮುಚ್ಚಳ ಸಮೇತ ಎರಡಕ್ಕೆ 20 ರೂ. ತೆಗೆದುಕೊಂಡರು. ಬಾಯಿಯ ಒಳಗಿನ ಅಗಲ 21 ಮಿ.ಮೀ., ಉದ್ದ ಒಂದು ಗೇಣಿಗಿಂತ ಕಡಿಮೆ. ಬಕೆಟ್ಟಿನಲ್ಲಿ ಎಷ್ಟು ಹೊತ್ತಿಟ್ಟರೂ ಇದಕ್ಕೆ ಏನೂ ಆಗಲಿಲ್ಲ. ಹೊರ ಡಬ್ಬಿ ಸೋತರೂ ಹೆಸರಿನ ಪುಸ್ತಕ ಉಳಿಯಬೇಕು ಅನ್ನುವುದು ಲೆಕ್ಕ. ಪುಸ್ತಕ ಓದುವ ಹಾಗಿಲ್ಲದಿದ್ದರೆ ಅದು ಕ್ಯಾಶ್ ಅಲ್ಲ, ಬರೀ ಡಬ್ಬಿ.

ಹಂತ 4: ಕಾಗದ, ಪೆನ್ಸಿಲ್, ಚೀಟಿ

ನೀರಿಗೆ ನೆನೆಯದ ಕಾಗದ 150 ರೂ.ಗೆ ಒಂದು ಸಣ್ಣ ಕಟ್ಟು ಸಿಕ್ಕಿತು. 10 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಪಟ್ಟಿ ಮಾಡಿ ಸುರುಳಿ ಸುತ್ತಿದೆ. ಹೆಸರಿನ ಪುಸ್ತಕ ಅಂದರೆ ಇದೇ. ಅಂಗೈಯಲ್ಲಿ ಹಿಡಿದಾಗ ಸರಿ ಇದ್ದ ಸುರುಳಿ ಕೊಳವೆಯೊಳಗೆ ಹೋದ ಕೂಡಲೇ ಬಿಚ್ಚಿಕೊಂಡು ಗೋಡೆಗೆ ಅಂಟಿ ಕೂತಿತು. ಬೆರಳು ಒಳಗೆ ಹೋಗುವುದಿಲ್ಲ, ಕಡ್ಡಿ ಹಾಕಿ ಕೆರೆಯಬೇಕು. ರಬ್ಬರ್ ಬ್ಯಾಂಡ್ ಹಾಕಿದ್ದು ಬಿಸಿಲಿಗೆ ಕರಗಿ ಕಾಗದಕ್ಕೆ ಮೆತ್ತಿಕೊಂಡಿತು. ಕೊನೆಗೆ ಪಟ್ಟಿಯ ಒಂದು ತುದಿಗೆ ಸೂಜಿಯಿಂದ ನೈಲಾನ್ ದಾರದ ಕುಣಿಕೆ ಹೊಲಿದು, ಕುಣಿಕೆ ಬಾಯಿಯಿಂದ ಹೊರಗೆ ಬರುವಷ್ಟು ಬಿಟ್ಟೆ. ಎಳೆದರೆ ಸುರುಳಿ ಬರುತ್ತದೆ. ಮುಚ್ಚುವಾಗ ಕುಣಿಕೆಯನ್ನು ಒಳಗೆ ತಳ್ಳಬೇಕು, ಇಲ್ಲದಿದ್ದರೆ ದಾರ ಮುಚ್ಚಳಕ್ಕೆ ಸಿಕ್ಕಿ ನೀರಿಗೆ ದಾರಿಯಾಗುತ್ತದೆ. ಇದನ್ನು ಕೊಳವೆಯ ಮೇಲೇ ಬರೆದು ಅಂಟಿಸಿದ್ದೇನೆ.

ಬರೆಯಲು ಪೆನ್ಸಿಲ್ ಮಾತ್ರ. ಜೆಲ್ ಪೆನ್ನಿನ ಶಾಯಿ ಈ ಕಾಗದದ ಮೇಲೆ ಹರಡುತ್ತದೆ, ಬಾಲ್ ಪೆನ್ ತಂಡಿಗೆ ಹಿಡಿಯುವುದಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಬೇಡಿ. ಮಲೆನಾಡಿನ ತೇವದಲ್ಲಿ ನಾಲ್ಕು ಜನ ಡಬ್ಬಿ ತೆರೆದರೆ ಸಾಕು, ಅದೇ ಒಂದು ಒದ್ದೆ ಚೀಲವಾಗುತ್ತದೆ.

ಇಡೀ ಕೆಲಸದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಮುಚ್ಚಳದ ಚೀಟಿಗೆ. ಮೊದಲು ಬರೆದದ್ದು ಸರ್ಕಾರಿ ಸುತ್ತೋಲೆಯ ಹಾಗಿತ್ತು: ಜಾಗತಿಕ ಸ್ಥಾನ ನಿರ್ಣಯ ವ್ಯವಸ್ಥೆ ಆಧಾರಿತ ಕ್ರೀಡೆ, ದಯವಿಟ್ಟು ಅಡಚಣೆ ಮಾಡತಕ್ಕದ್ದಲ್ಲ. ತೋಟದ ಕೆಲಸಗಾರರ ಸಾಲು ಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿರುವ ಅಜ್ಜಿಯೊಬ್ಬರಿಗೆ ಓದಿ ಹೇಳಿದೆ. "ಮುಟ್ಟಬಾರ್ದು ಅಂತ ಬರ್ದಿದ್ರೆ ಅದ್ರಲ್ಲಿ ಏನೋ ಐತೆ ಅಂತಲ್ವೇನಪ್ಪಾ" ಅಂದರು. ನಿಜ. ಆಮೇಲೆ ಬರೆದದ್ದು ಹೀಗೆ:

"ಇದು ಹುಡುಕುವ ಆಟದ ಡಬ್ಬಿ. ಹೆಸರು ಜಿಯೋಕ್ಯಾಶ್. ಒಳಗೆ ಹೆಸರು ಬರೆಯುವ ಕಾಗದ, ಪೆನ್ಸಿಲ್, ಮಕ್ಕಳ ಸಣ್ಣ ಆಟದ ಸಾಮಾನು ಇವೆ. ಬೇರೇನೂ ಇಲ್ಲ. ತೋಟದ ಯಜಮಾನರಿಗೆ ಹೇಳಿಯೇ ಇಟ್ಟಿದ್ದೇವೆ. ತೆಗೆದು ನೋಡಿ, ನಿಮ್ಮ ಹೆಸರನ್ನೂ ಬರೆಯಿರಿ, ಮತ್ತೆ ಇಲ್ಲೇ ಇಡಿ. ಏನಾದರೂ ಕೇಳಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ."

ಕೆಳಗೆ ಇದನ್ನೇ ಹಿಂದಿಯಲ್ಲೂ ಚಿಕ್ಕದಾಗಿ ಬರೆದೆ, ಯಾಕೆಂದರೆ ಈಗ ತೋಟದ ಕೆಲಸಕ್ಕೆ ಅಸ್ಸಾಂ ಕಡೆಯವರೂ ಇದ್ದಾರೆ. ಒಂದು ಭಾನುವಾರ ಡಬ್ಬಿಯನ್ನು ಲೈನ್ ಮನೆಗಳ ಹತ್ತಿರ ಒಯ್ದು ಎಲ್ಲರ ಮುಂದೆ ತೆರೆದು ತೋರಿಸಿದೆ. ಪುಸ್ತಕದಲ್ಲಿ ಮೊದಲ ಹೆಸರುಗಳು ಅಲ್ಲಿನ ಮಕ್ಕಳವೇ. ಮೊದಲು ಹುಡುಕಿದವರಿಗೆ ಈ ಆಟದಲ್ಲಿ ಒಂದು ಹೆಮ್ಮೆ ಇದೆ, ಅವರ ಜಾಗ ಕಸಿಯಬಾರದೆಂದು ಮಕ್ಕಳ ಹೆಸರಿಗೆ ಪಟ್ಟಿಯ ಹಿಂಬದಿ ಬಿಟ್ಟುಕೊಟ್ಟೆ.

ಚೀಟಿಯನ್ನು ಮೊದಲು ಮನೆಯ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದ್ದೆ, 40 ರೂ. ಅಂಗಡಿಯವರು ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿಬಿಟ್ಟರು. ಅಂಚಿನಿಂದ ನೀರು ನುಗ್ಗಿ ಅಕ್ಷರವೆಲ್ಲ ನೇರಳೆ ಕಲೆ. ಎರಡನೇ ಸಲ ಜೆರಾಕ್ಸ್ ಪ್ರತಿ ಮಾಡಿಸಿ, ಸುತ್ತ 5 ಮಿ.ಮೀ. ಬರೀ ಪ್ಲಾಸ್ಟಿಕ್ ಉಳಿಯುವ ಹಾಗೆ ನಿಂತು ಕತ್ತರಿಸಿಸಿಕೊಂಡೆ. ಎರಡು ಪ್ರತಿಗೆ 60 ರೂ. ಒಂದು ಮುಚ್ಚಳದ ಒಳಬದಿಗೆ, ಇನ್ನೊಂದು ತಳಕ್ಕೆ. ಎರಡೂ ಹೊರಗಿನಿಂದ ಓದಲು ಬರುತ್ತವೆ.

ಹಂತ 5: ಅಕ್ಷಾಂಶ, ರೇಖಾಂಶ

ಸಿಲ್ವರ್ ಓಕಿನ ಕೆಳಗೆ ಫೋನ್ ಹಿಡಿದರೆ ಗುರುತು ಹತ್ತು ಹದಿನೈದು ಮೀಟರ್ ಆಚೀಚೆ ಓಡಾಡುತ್ತದೆ. ಆದ್ದರಿಂದ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಫೋನನ್ನು ಕಟ್ಟೆ ಮೇಲೆ ಕೆಲವು ನಿಮಿಷ ಸುಮ್ಮನೆ ಇಟ್ಟು, ಅಳತೆ ಬರೆದುಕೊಂಡು ಸರಾಸರಿ ತೆಗೆದೆ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ಮೇಲೆ ತೆಗೆದ ಅಳತೆಗಳು ಹೆಚ್ಚು ಒಟ್ಟಿಗೆ ಬಂದವು. ಆಮೇಲೆ ರಸ್ತೆಯ ಎರಡೂ ದಿಕ್ಕಿನಿಂದ, ಆ ಸಂಖ್ಯೆಯನ್ನಷ್ಟೇ ನಂಬಿ ನಡೆದು ನೋಡಿದೆ.

ಆಟದಲ್ಲಿ ಬಳಸುವುದು ಡಿಗ್ರಿ ಮತ್ತು ದಶಮಾಂಶ ನಿಮಿಷ. ಫೋನಿನ ನಕ್ಷೆ ಕೊಡುವುದು ಬರೀ ದಶಮಾಂಶ ಡಿಗ್ರಿ. ಚಿಕ್ಕಮಗಳೂರು ಪಟ್ಟಣದ ಅಕ್ಷಾಂಶ 13.3161 ಅಂತ ನಕ್ಷೆ ತೋರಿಸಿದರೆ, ದಶಮಾಂಶದ ಭಾಗವನ್ನು 60ರಿಂದ ಗುಣಿಸಿ 13 ಡಿಗ್ರಿ 18.966 ನಿಮಿಷ ಅಂತ ಬರೆಯಬೇಕು. ಪರೀಕ್ಷೆ ಮಾಡಲು ಬಂದ ಹಾಸನದ ಗೆಳೆಯ ಇಂಥದ್ದೇ ಸಂಖ್ಯೆಯನ್ನು 13 ಡಿಗ್ರಿ 31.61 ನಿಮಿಷದ ರೀತಿಯಲ್ಲಿ ಒತ್ತಿದ. ಹಾಗೆ ಒತ್ತಿದರೆ ಗುರುತು ಉತ್ತರಕ್ಕೆ 23 ಕಿ.ಮೀ. ಹೋಗಿ ಕೂರುತ್ತದೆ. ನಿಮಿಷದ ಮೂರನೇ ದಶಮಾಂಶ ಒಂದು ಏರಿಳಿದರೆ ನೆಲದ ಮೇಲೆ ಸುಮಾರು 1.8 ಮೀಟರ್. ಅಂದರೆ ಮೂರು ದಶಮಾಂಶ ಸಾಕು, ನಾಲ್ಕನೆಯದು ಬೇಕಿಲ್ಲ.

ಹಂತ 6: ಇಟ್ಟದ್ದು (ಏಪ್ರಿಲ್)

ಕಟ್ಟೆಯಲ್ಲಿ ತಾನಾಗೇ ಇದ್ದ ಒಂದು ಗೂಡು ಆರಿಸಿಕೊಂಡೆ: 20 ಸೆಂ.ಮೀ. ಅಗಲ, 13 ಎತ್ತರ, 15 ಆಳ. ಕಲ್ಲು ಕೀಳಲಿಲ್ಲ, ಮಣ್ಣು ಅಗೆಯಲಿಲ್ಲ, ಮರಕ್ಕೆ ಮೊಳೆ ಹೊಡೆಯಲಿಲ್ಲ. ಗೂಡು ಸೊಂಟದ ಎತ್ತರದಲ್ಲಿದೆ, ಬಗ್ಗದೆಯೇ ಒಳಗೆ ಪೂರ್ತಿ ಕಾಣುತ್ತದೆ. ಕಣ್ಣಿಗೆ ಕಾಣದ ಕಡೆ ಕೈ ಹಾಕುವ ಹಾಗೆ ನಮ್ಮ ಕಡೆ ಡಬ್ಬಿ ಇಡಲೇಬಾರದು. ಕಾಡುಗಲ್ಲಿನ ಸಂದಿ ಹಾವಿಗೂ ಮನೆ.

ಕೆಲವೇ ದಿನಕ್ಕೆ ರೈಟರ್ರು ಫೋನ್ ಮಾಡಿದರು: ಡಬ್ಬಿ ರಸ್ತೆ ಮೇಲಿದೆ. ಹೋಗಿ ನೋಡಿದರೆ ಎರಡು ಕ್ಲಿಪ್ಪಿನ ತುದಿಯಲ್ಲಿ ಸಾಲಾಗಿ ಹಲ್ಲಿನ ಗುರುತು, ಮುಚ್ಚಳದ ತುಂಬ ಉಗುರಿನ ಗೀರು. ಮಂಗಗಳು. ಪಾರದರ್ಶಕ ಡಬ್ಬಿಯೊಳಗಿನ ಕೆಂಪು, ಹಳದಿ ಗೋಲಿ ಅವುಗಳಿಗೆ ಹಣ್ಣಿನಂತೆ ಕಂಡಿರಬೇಕು. ಮನುಷ್ಯರ ಭಯ ಹೋಗಲು ಒಳಗಿನದು ಕಾಣಬೇಕು, ಮಂಗಗಳ ಆಸೆ ಹೋಗಲು ಕಾಣಬಾರದು. ಮೊದಲು ಡಬ್ಬಿಗೆ ಹೊರಗಿನಿಂದ ಮರೆಮಾಚುವ ಟೇಪು ಸುತ್ತುವ ಯೋಚನೆ ಬಂತು, ಬೇಡವೆಂದು ಬಿಟ್ಟೆ. ಬದಲಿಗೆ ಆಟದ ಸಾಮಾನನ್ನೆಲ್ಲ ತೆಳು ಖಾಕಿ ಬಟ್ಟೆಯ ಸಣ್ಣ ಚೀಲಕ್ಕೆ ಹಾಕಿದೆ. ಈಗ ಹೊರಗಿನಿಂದ ಕಾಣುವುದು ಚೀಟಿ, ಪೆನ್ಸಿಲ್, ಕೊಳವೆ, ಒಂದು ಮಂಕು ಬಟ್ಟೆ. ಡಬ್ಬಿಯ ಎರಡು ಕ್ಲಿಪ್ಪಿಗೆ ನೈಲಾನ್ ದಾರ ಹಾಯಿಸಿ, ಕೊಕ್ಕೆಯಿಂದ ಗೂಡಿನೊಳಗಿನ ಕಲ್ಲಿನ ಮೂತಿಗೆ ಸಿಕ್ಕಿಸಿದೆ. ದಾರ, ಕೊಕ್ಕೆ 80 ರೂ. ಗೂಡಿನ ಬಾಯಿಗೆ ಎರಡು ಕಿಲೋ ತೂಗುವ ಚಪ್ಪಟೆ ಕಲ್ಲು. ಮಗು ಸರಿಸಬಹುದು, ಮಂಗ ಈ ತನಕ ಸರಿಸಿಲ್ಲ.

ಹಂತ 7: ಜಾಲತಾಣದಲ್ಲಿ ಡಬ್ಬಿಯ ಪುಟ ಬರೆದದ್ದು

ಕಷ್ಟದ ಅಂಕ ಎರಡು ಇರುತ್ತವೆ, ಹುಡುಕುವ ಕಷ್ಟ ಮತ್ತು ದಾರಿಯ ಕಷ್ಟ, 1ರಿಂದ 5ರ ತನಕ ಅರ್ಧರ್ಧ ಹೆಜ್ಜೆಯಲ್ಲಿ. ದಾರಿಗೆ 1 ಕೊಡಬೇಕಾದರೆ ಗಾಲಿ ಕುರ್ಚಿಯಲ್ಲಿ ಬಂದವರಿಗೂ ಆಗಬೇಕು. ರಸ್ತೆಯಿಂದ ಕಟ್ಟೆಗೆ ಚರಂಡಿ ದಾಟಬೇಕು, ಹಾಗಾಗಿ 2 ಕೊಟ್ಟೆ. ಹುಡುಕಲು 1.5.

ಸುಳಿವಿನ ವಿಷಯ ಕನ್ನಡದಲ್ಲಿ ಬರೆಯುವವರಿಗೆ ಗೊತ್ತಿರಲಿ. ಜಾಲತಾಣ ಸುಳಿವನ್ನು ಅಡಗಿಸಲು ಇಂಗ್ಲಿಷಿನ 26 ಅಕ್ಷರಗಳನ್ನು ತಲಾ 13 ಸ್ಥಾನ ಮುಂದೂಡುತ್ತದೆ. ಕನ್ನಡ ಅಕ್ಷರಕ್ಕೆ ಆ ಲೆಕ್ಕ ತಾಗುವುದಿಲ್ಲ, ಬರೆದದ್ದು ಬರೆದ ಹಾಗೇ ಇರುತ್ತದೆ. ನಾನು ಸುಳಿವನ್ನು ಮಾತ್ರ ಇಂಗ್ಲಿಷಿನಲ್ಲಿ ಕೊಟ್ಟು, ಉಳಿದ ವಿವರಣೆ ಎರಡೂ ಭಾಷೆಯಲ್ಲಿ ಬರೆದೆ.

ವಿವರಣೆಯಲ್ಲಿ ಕಾರು ನಿಲ್ಲಿಸುವ ಜಾಗದ ಗುರುತನ್ನು ಬೇರೆಯಾಗಿ ಸೇರಿಸಿ. ಇದು ಮೊದಲು ಇರಲಿಲ್ಲ. ಒಂದು ಕುಟುಂಬ ತೋಟದ ಗೇಟಿಗೇ ಅಡ್ಡ ಕಾರು ನಿಲ್ಲಿಸಿ ಕಣಿವೆಯ ಫೋಟೋ ತೆಗೆಯಲು ಇಳಿದಿತ್ತು, ಗೊಬ್ಬರದ ಪಿಕಪ್ ಅರ್ಧ ಗಂಟೆ ಹಾರ್ನ್ ಹೊಡೆಯುತ್ತ ನಿಂತಿತ್ತು. ಮಾವ ಅವರಿಗೆ ಏನೂ ಅನ್ನಲಿಲ್ಲ, ಸಂಜೆ ನನಗೆ ಅಂದರು.

ಬೆಳಿಗ್ಗೆ ಏಳರಿಂದ ಸಂಜೆ ಐದೂವರೆ ಮಾತ್ರ, ಬೇಲಿ ದಾಟುವ ಅಗತ್ಯವಿಲ್ಲ, ಕೆಲಸದವರು ಸಿಕ್ಕರೆ ಮಾತನಾಡಿಸಿ, ಕಾಫಿ ಹಣ್ಣು ಕೀಳಬೇಡಿ, ಕಸ ಬಿಡಬೇಡಿ. ಇಷ್ಟನ್ನು ಮೊದಲ ಸಾಲುಗಳಲ್ಲೇ ಬರೆದಿದ್ದೇನೆ. ಕೆಳಗೆ ಬರೆದದ್ದನ್ನು ಯಾರೂ ಓದುವುದಿಲ್ಲ.

ಹಂತ 8: ಬಂದವರು

ಹೆಚ್ಚಿನವರು ಸೊಗಸಾಗಿ ನಡೆದುಕೊಂಡಿದ್ದಾರೆ. ಆದರೂ ಪದೇ ಪದೇ ಬರುವ ಪ್ರಶ್ನೆಗಳಿವೆ, ನನ್ನ ನಿಲುವನ್ನು ಹೇಳಿಬಿಡುತ್ತೇನೆ.

ಒಬ್ಬರು ಜಾಲತಾಣದಲ್ಲಿ 'ಸಿಕ್ಕಿತು' ಅಂತ ಬರೆದಿದ್ದರು, ಪಟ್ಟಿಯಲ್ಲಿ ಹೆಸರಿಲ್ಲ. ಪೆನ್ಸಿಲ್ ಮೊನೆ ಮುರಿದಿತ್ತೇನೋ ಅಂತ ಮೊದಲು ಸೌಜನ್ಯದಿಂದ ಕೇಳಿದೆ. ಡಬ್ಬಿಯ ಫೋಟೋ ಇದ್ದರೆ ನನಗೆ ಅಷ್ಟೇ ಸಾಕು. ಉತ್ತರ ಬರಲಿಲ್ಲ, ಅಳಿಸಿದೆ. ಸುಳ್ಳು ದಾಖಲೆ ಅಳಿಸುವುದು ಡಬ್ಬಿ ಇಟ್ಟವರ ಜವಾಬ್ದಾರಿ. ಅದರಲ್ಲಿ ಸಂಕೋಚ ಬೇಡ, ಸಿಟ್ಟೂ ಬೇಡ.

ಇನ್ನೊಬ್ಬರಿಗೆ ಸಿಗಲಿಲ್ಲ. ಕಳೆದುಹೋಗಿದೆ ಅಂದುಕೊಂಡು ತಮ್ಮ ಜೇಬಿನ ಒಂದು ಮಾತ್ರೆ ಡಬ್ಬಿಯಲ್ಲಿ ಚೀಟಿ ಹಾಕಿ ಕಟ್ಟೆ ಮೇಲಿಟ್ಟು 'ಸಿಕ್ಕಿತು' ಅಂತ ಬರೆದರು. ಉಪಕಾರವೆಂದೇ ಮಾಡಿದ್ದು. ಆದರೆ ಅವರಾದ ಮೇಲೆ ಬಂದ ಮೂವರೂ ಆ ಮಾತ್ರೆ ಡಬ್ಬಿಯಲ್ಲೇ ಸಹಿ ಮಾಡಿ ಹೋದರು, ನಿಜವಾದ ಡಬ್ಬಿ ಎರಡಡಿ ದೂರದಲ್ಲಿತ್ತು. ಸಿಗದಿದ್ದರೆ 'ಸಿಗಲಿಲ್ಲ' ಅಂತಲೇ ಬರೆಯಿರಿ. ಅದು ಅವಮಾನವಲ್ಲ, ನನಗೆ ಬೇಕಾದ ಸುದ್ದಿ. ಎರಡು ಮೂರು ಸಲ ಸಾಲಾಗಿ ಹಾಗೆ ಬಂದರೆ ನಾನೇ ಹೋಗಿ ನೋಡುತ್ತೇನೆ.

ಒಳಗಿನ ಸಾಮಾನು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಅಥವಾ ಇನ್ನೂ ಚೆಂದದ್ದು ಇಡಬೇಕು, ಬರೀ ಸಹಿ ಮಾಡಿ ಬಂದರೂ ಸರಿ. ನಂಬರ್ ಕೆತ್ತಿದ ಬಿಲ್ಲೆ ಸಿಕ್ಕರೆ ಅದು ಊರಿಂದೂರಿಗೆ ಸಾಗಬೇಕಾದ ವಸ್ತು, ಇನ್ನೊಂದು ಡಬ್ಬಿಗೆ ದಾಟಿಸುವವರು ಮಾತ್ರ ತೆಗೆದುಕೊಳ್ಳಿ. ಹಳೆ ಬಸ್ ಟಿಕೆಟ್, ಬಿಲ್ ಚೀಟಿ ಸಾಮಾನಲ್ಲ. ತಿನ್ನುವುದಂತೂ ಬೇಡವೇ ಬೇಡ. ಯಾರೋ ಮಗುವಿಗೆಂದು ಒಂದು ಟಾಫಿ ಹಾಕಿ ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಕೆಂಪಿರುವೆಗಳು ಸಿಲಿಕೋನ್ ಉಂಗುರದ ಸಂದಿಯಲ್ಲೇ ಸಾಲು ಹಿಡಿದಿದ್ದವು. ಉಂಗುರ ಬಿಚ್ಚಿದರೆ ಅಡಿಯಲ್ಲಿ ಮಣ್ಣು, ಬಿಳಿ ಮೊಟ್ಟೆ. ಉಂಗುರದ ಒಂದು ಕಡೆ ಕಚ್ಚಿ ತೂತಾಗಿತ್ತು. ಬಿಡಿ ಉಂಗುರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅದಕ್ಕಾಗಿ ಇನ್ನೊಂದು ಡಬ್ಬಿಯನ್ನೇ ಕೊಳ್ಳಬೇಕಾಯಿತು.

ಹಂತ 9: ಬೋರ್ಡೋ ಮತ್ತು ಮಳೆ

ಮೇ ಕೊನೆಗೆ ಹೋದಾಗ ಗೂಡಿನ ಬಾಯಿಯ ಕಲ್ಲು ತಿಳಿ ನೀಲಿ. ಕಲ್ಲು ಸರಿಸಿದರೆ ಡಬ್ಬಿಯ ಮುಂಬದಿಯೂ ಹಾಗೇ. ಮಳೆಗೆ ಮುಂಚೆ ಅರೇಬಿಕಾಕ್ಕೆ ಬೋರ್ಡೋ ಹೊಡೆಯುತ್ತಾರಲ್ಲ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಔಷಧಿ, ಅದನ್ನು ಸಿಂಪಡಿಸುವ ಗನ್ನಿನ ಹನಿ ಬೇಲಿ ದಾಟಿ ಬಂದಿತ್ತು. ಒಣಗಿದ ಮೇಲೆ ಸುಣ್ಣದ ಪೊರೆ ಹಿಡಿದು ಚೀಟಿಯ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹುಣಸೆಹುಳಿ ನೀರಲ್ಲಿ ಉಜ್ಜಿದರೆ ಹೋಯಿತು. ಆದರೆ ಆ ದಿನಗಳಲ್ಲಿ ಯಾರಾದರೂ ಬಂದು ಬರಿಗೈಯಲ್ಲಿ ಮುಟ್ಟಿ, ಅದೇ ಕೈಯಲ್ಲಿ ಮಗುವಿಗೆ ಬಿಸ್ಕತ್ತು ಕೊಟ್ಟಿದ್ದರೆ? ಈಗ ಸಿಂಪಡಣೆಯ ದಿನ ರೈಟರ್ರು ಮೊದಲೇ ಹೇಳುತ್ತಾರೆ, ನಾನು ಪುಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಕಾರಣ ಬರೆಯುತ್ತೇನೆ. ತೋಟದಲ್ಲಿ ಡಬ್ಬಿ ಇಡುವವರು ತೋಟದ ಕೆಲಸದ ಪಂಚಾಂಗ ಮೊದಲು ಕೇಳಿಕೊಳ್ಳಿ: ಕಾಫಿ ಹೂ ಬಿಡಿಸುವ ಹೂಮಳೆ, ಸಿಂಪಡಣೆ, ಮರಗಸಿ, ಕೊಯ್ಲು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪುಟ ನಿಲ್ಲಿಸಿದೆ. ರಸ್ತೆ ಬದಿಯ ಹುಲ್ಲಿನಲ್ಲಿ ಇಂಬಳ, ಕಟ್ಟೆ ಮೇಲೆ ಪಾಚಿ, ಧರೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಡಬ್ಬಿಯನ್ನು ಮಾತ್ರ ಪರೀಕ್ಷೆಗೆಂದು ಅಲ್ಲೇ ಬಿಟ್ಟೆ. ರಿವ್ಯೂವರ್‌ಗೆ ಯಾಕೆ, ಎಲ್ಲಿಯ ತನಕ ಅಂತ ಬರೆದು ತಿಳಿಸಿದ್ದೆ. ಸುಮ್ಮನೆ ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಕ್ಯಾಶನ್ನೇ ಪಟ್ಟಿಯಿಂದ ತೆಗೆಯುತ್ತಾರೆ.

ಸೆಪ್ಟೆಂಬರ್ ಕೊನೆಗೆ ತೆರೆದಾಗ: ಹೊರ ಡಬ್ಬಿಯ ಒಳಗೋಡೆಯಲ್ಲಿ ಬೆವರಿನ ಹನಿ, ನಿಂತ ನೀರಿಲ್ಲ. ಬಟ್ಟೆ ಚೀಲಕ್ಕೆ ಬೂಷ್ಟು ಹಿಡಿದಿತ್ತು. ಪೆನ್ಸಿಲ್ ಮರ ಉಬ್ಬಿ ಸೀಳಿತ್ತು. ಕೊಳವೆಯೊಳಗಿನ ಪಟ್ಟಿ ಇಟ್ಟ ದಿನದ ಹಾಗೇ ಇತ್ತು, ಮಕ್ಕಳ ಹೆಸರೂ ಸೇರಿ. ಕಟ್ಟೆಯ ಕೆಳತುದಿಯಲ್ಲಿ ಒಂದು ಮಾರು ಕುಸಿದಿದೆ. ಗೂಡಿಗೆ ಏನೂ ಆಗಿಲ್ಲ, ಆದರೂ ನಂಬಿಕೆ ಇಲ್ಲದೆ ಡಬ್ಬಿಯನ್ನು ರಸ್ತೆಯ ಮೇಲ್ಬದಿಗೆ ಆರು ಮೀಟರ್ ಸರಿಸಿ, ಹೊಸದಾಗಿ ಅಳತೆ ತೆಗೆದು ಪುಟ ತಿದ್ದಿದೆ.

ಖರ್ಚು: ಡಬ್ಬಿ 190, ಪ್ರಿಫಾರ್ಮ್ 20, ಕಾಗದ 150, ಚೀಟಿ 60, ದಾರ ಮತ್ತು ಕೊಕ್ಕೆ 80, ಆಟದ ಸಾಮಾನು 100. ಒಟ್ಟು 600 ರೂ. ಕೆಟ್ಟುಹೋದದ್ದು: ಸ್ಟೀಲ್ ಡಬ್ಬಿ 140, ಪುಟ್ಟಿ 45, ಮೊದಲ ಲ್ಯಾಮಿನೇಷನ್ 40, ಅಂದರೆ 225. ಇರುವೆ ಕಚ್ಚಿದ ಉಂಗುರಕ್ಕೆ ಇನ್ನೊಂದು 190. ಪೆಟ್ರೋಲ್ ಲೆಕ್ಕ ಹಾಕಿಲ್ಲ.

ಬಾಕಿ ಇರುವುದು: ಬಟ್ಟೆ ಚೀಲದ ಬದಲು ಬೂಷ್ಟು ಹಿಡಿಯದ ಬೇರೆ ಏನಾದರೂ ಬೇಕು, ಹಳೆ ಛತ್ರಿಯ ಬಟ್ಟೆ ಹೊಲಿದು ನೋಡುತ್ತಿದ್ದೇನೆ. ಪೆನ್ಸಿಲ್ಲನ್ನು ಒಂದೂವರೆ ಇಂಚಿಗೆ ಕತ್ತರಿಸಿ ಎರಡನೇ ಪ್ರಿಫಾರ್ಮ್‌ಗೆ ಹಾಕಿದ್ದೇನೆ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಲೈನ್ ಮನೆಗಳಿಗೆ ಹೊಸದಾಗಿ ಬಂದವರಿಗೆ ಡಬ್ಬಿ ತೋರಿಸಿ ಬರಬೇಕು. ಪುಟ ಮತ್ತೆ ತೆರೆದಿದೆ.